ಕಾಸರಗೋಡಿನ ಹುಡುಗ ಪೊಲೀಸ್ ಆಗಬೇಕೆಂದರೆ ಯಾವ ರಾಜ್ಯಕ್ಕೆ ಅರ್ಜಿ ಹಾಕಬೇಕು?

ನಿಮ್ಮ ರೂಮಿನಲ್ಲಿರುವ ಹುಡುಗ ಪೆರ್ಲ ಕಡೆಯವನು, ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಪೊಲೀಸ್ ಆಗುತ್ತೇನೆ ಅನ್ನುತ್ತಿದ್ದಾನೆ, ಅದೂ ಕೇರಳ ಪೊಲೀಸ್ ಅಂತೆ, ಕನ್ನಡ ಶಾಲೆಯಲ್ಲಿ ಓದಿದವನು ಕರ್ನಾಟಕಕ್ಕೇ ಅರ್ಜಿ ಹಾಕಬಹುದಲ್ವಾ ಅಂತ ಕೇಳಿದ್ದೀರಿ. ನಾನು ಬದಿಯಡ್ಕದ ಹತ್ತಿರದವಳು. ನನ್ನ ತಮ್ಮ ಮಂಗಳೂರಿನ ಬೈಕ್ ಶೋರೂಮ್ ಕೆಲಸದಿಂದ ಇದೇ ದಾರಿಗೆ ಬಂದವನು, ಈಗ ಕೇರಳ ಪೊಲೀಸಿನ ಸಶಸ್ತ್ರ ಬೆಟಾಲಿಯನ್‌ನಲ್ಲಿದ್ದಾನೆ. ಹಾಗಾಗಿ ನೋಡಿದ್ದನ್ನು ಹೇಳುತ್ತೇನೆ.

ನನ್ನ ಉತ್ತರ ಕೇರಳ. ಮಲಯಾಳಂ ಬರೆಯಲು ಕಲಿಯುವ ಮನಸ್ಸಿದ್ದರೆ ಮಾತ್ರ. ಮತ್ತೆ, ಈಗಿರುವ ಕೆಲಸವನ್ನು ಅವನು ಈಗಲೇ ಬಿಡುವುದು ಬೇಡ.

ಮೊದಲು ನಮ್ಮ ಊರಿನ ಲೆಕ್ಕ ಸ್ವಲ್ಪ ತಿಳಿದುಕೊಳ್ಳಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ತೆಗೆದು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕು ಅಂತ ಹೇಳಿತು, ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಣ್ಣೂರಿನಿಂದ ಬೇರೆಯಾಗಿ ಕಾಸರಗೋಡು ಜಿಲ್ಲೆ ಆಯ್ತು. ಈ ಮೂರು ಇಸವಿ ಇಲ್ಲಿನ ಎಲ್ಲ ಮನೆಯಲ್ಲೂ ಬಾಯಿಪಾಠ. ಆದರೆ ಇದರ ಅರ್ಥ ಹೊರಗಿನವರಿಗೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು, ಈ ಠಾಣೆಗಳ ವ್ಯಾಪ್ತಿಯಲ್ಲಿ ಮನೆಯೊಳಗೆ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಮಲಯಾಳಂ ಎಲ್ಲವೂ ನಡೆಯುತ್ತವೆ. ಠಾಣೆಯ ಕಡತ ಮಾತ್ರ ಮಲಯಾಳಂನಲ್ಲಿ. ಠಾಣೆಗೆ ಬರುವ ಎಸ್‌ಐ ಕೊಲ್ಲಂನವರೋ ಕೋಟ್ಟಯಂನವರೋ ಆಗಿರಬಹುದು. ಅವರಿಗೆ ನಮ್ಮ ಕಾಸರಗೋಡಿನ ಮಲಯಾಳಂ ಕೂಡ ಮೊದಲ ವಾರ ಸರಿಯಾಗಿ ತಲೆಗೆ ಹೋಗುವುದಿಲ್ಲ, ಇನ್ನು ತುಳು ಎಲ್ಲಿಂದ?

ಒಂದು ಸಂಗತಿ ಹೇಳುತ್ತೇನೆ. ಯಾವ ಠಾಣೆ ಅಂತ ಬೇಡ. ನಮ್ಮ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ರಾತ್ರಿ ಕಳವಾಯಿತು. ಚಿಕ್ಕಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಠಾಣೆಯಲ್ಲಿ ಕೂತು ಹೇಳಿದರು, ಕಳೆದ ತಿಂಗಳು ಅಡಿಕೆ ಸುಲಿಯಲು ಇಂಥವನು ಬಂದಿದ್ದ, ಆಮೇಲೆ ಯಾರೂ ಬಂದಿಲ್ಲ ಅಂತ. ಹೊರಗೆ ನಿಂತಿದ್ದ ಆಟೋದವರು ಒಳಗೆ ಬಂದು ಅರ್ಧಂಬರ್ಧ ಮಲಯಾಳಂ ಮಾಡಿ ತಿಳಿಸಿದರು. ಬರೆದದ್ದು ಹೇಗಾಯಿತು ಅಂದರೆ ಆ ಸುಲಿಯುವವನ ಮೇಲೇ ಚಿಕ್ಕಮ್ಮನಿಗೆ ಸಂಶಯ ಇರುವ ಹಾಗೆ. ಓದಿ ಹೇಳಿದರು, ಮಲಯಾಳಂನಲ್ಲಿ. ಚಿಕ್ಕಮ್ಮ ತಲೆ ಆಡಿಸಿ ಪೆನ್ನು ಕೈಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಡ್ಯೂಟಿಗೆ ಬಂದ ಆದೂರು ಕಡೆಯ ಒಬ್ಬ ಪೊಲೀಸ್ ಹಾಳೆ ತೆಗೆದುಕೊಂಡು, "ಅಮ್ಮ, ನೀವು ಅವನೇ ಕದ್ದದ್ದು ಅಂತ ಹೇಳಿದ್ದಾ?" ಅಂತ ತುಳುವಿನಲ್ಲಿ ಕೇಳಿದರು. ಚಿಕ್ಕಮ್ಮ ಗಾಬರಿಯಾಗಿ, ಅಯ್ಯೋ ಇಲ್ಲ, ಅವನು ಒಳ್ಳೆಯವನು, ನಾನು ಬಂದವರ ಹೆಸರು ಹೇಳಿದ್ದು ಅಷ್ಟೇ ಅಂದರು. ಮತ್ತೆ ಹೊಸದಾಗಿ ಬರೆದರು.

ಬರೆದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಅವರಿಗೆ ಅರ್ಥವಾದಷ್ಟು ಬರೆದಿದ್ದರು. ಆದರೆ ಆ ತುಳು ಬಲ್ಲ ಪೊಲೀಸ್ ಆ ಹೊತ್ತಿಗೆ ಬರದೇ ಹೋಗಿದ್ದರೆ ದಿನಗೂಲಿಗೆ ಹೋಗುವ ಒಬ್ಬ ಬಡವ ಠಾಣೆಯ ಮೆಟ್ಟಿಲು ಹತ್ತಬೇಕಾಗಿತ್ತು. ಬಾಯಿಮಾತಿನ ದೂರನ್ನು ಬರೆದು, ದೂರು ಕೊಟ್ಟವರಿಗೆ ಓದಿ ಹೇಳಿ, ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು ಅಂತ ಕಾನೂನು ಇದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಮೊದಲು ಸಿಆರ್‌ಪಿಸಿಯ 154. ಓದಿ ಹೇಳುವುದು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಆಗಬೇಕಾದರೆ ಆ ಭಾಷೆ ಬಲ್ಲವರು ಠಾಣೆಯೊಳಗೆ ಇರಬೇಕು, ಅಲ್ವಾ? ನಮ್ಮ ಹುಡುಗರೆಲ್ಲ ಕರ್ನಾಟಕಕ್ಕೆ ಹೋದರೆ ಇಲ್ಲಿ ಯಾರು ಇರುತ್ತಾರೆ? ನಾನು ಕೇರಳ ಅನ್ನುವುದು ಇದೇ ಕಾರಣಕ್ಕೆ.

ಹಾಗಂತ ನಿಮ್ಮ ಗೆಳೆಯನಿಗೆ ಸುಮ್ನೆ ಹುಮ್ಮಸ್ಸು ತುಂಬಬೇಡಿ. ಅವನ ದೊಡ್ಡ ತೊಡಕು ಮಲಯಾಳಂ ಬರಹ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳಂ ಸಲೀಸಾಗಿ ಮಾತಾಡುತ್ತಾರೆ, ಅಂಗಡಿ ಬೋರ್ಡ್ ಓದಲು ತಡವರಿಸುತ್ತಾರೆ. 2017ರಲ್ಲಿ ಮಲಯಾಳಂ ಕಲಿಕೆಯ ಕಾನೂನು ಬಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ಆಯ್ತು. ಅದು ಸರಿಯಾದ ಪ್ರತಿಭಟನೆಯೇ, ಕನ್ನಡದಲ್ಲಿ ಓದುವ ಹಕ್ಕು ಅಲ್ಪಸಂಖ್ಯಾತರಾದ ನಮಗೆ ಸಂವಿಧಾನ ಕೊಟ್ಟದ್ದು. ಆದರೆ ಅದಕ್ಕೂ ಮೊದಲು ಹತ್ತನೇ ಕ್ಲಾಸ್ ಮುಗಿಸಿದ ಎಷ್ಟೋ ಮಕ್ಕಳು ಮಲಯಾಳಂ ಅಕ್ಷರವನ್ನೇ ಕಲಿಯದೆ ಹೊರಗೆ ಬಂದಿದ್ದಾರೆ, ಈಗ ಇಪ್ಪತ್ತರ ನಡುವಿನಲ್ಲಿ ಕೆಲಸ ಹುಡುಕುತ್ತಿರುವುದು ಅವರೇ. ಹಕ್ಕಿಗಾಗಿ ಬೀದಿಗೆ ಇಳಿಯುವುದು ಒಂದು, ರಾತ್ರಿ ಕೂತು ಲಿಪಿ ಕಲಿಯುವುದು ಇನ್ನೊಂದು. ಎರಡನ್ನೂ ಒಬ್ಬನೇ ಮಾಡಬಹುದು, ನನ್ನ ತಮ್ಮ ಮಾಡಿದ್ದಾನೆ.

ನೇಮಕಾತಿ ನಡೆಸುವುದು ಕೇರಳ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ. ಅದರ ಪರೀಕ್ಷೆಯಲ್ಲಿ ಪ್ರಾದೇಶಿಕ ಭಾಷೆಯ ಭಾಗಕ್ಕೆ ಕನ್ನಡ ಆಯ್ದುಕೊಳ್ಳಲು ಬರುತ್ತದೆ, ನಮ್ಮಂಥವರಿಗೆ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಇರುತ್ತದೆ. ಹಾಗಾಗಿ ಪರೀಕ್ಷೆ ಬರೆಯಲು ಮಲಯಾಳಂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಆಮೇಲೆ. ಮಲಯಾಳಂ ಒಂದು ವಿಷಯವಾಗಿ ಓದದವರು ಪ್ರೊಬೇಷನ್ ಮುಗಿಯುವುದರೊಳಗೆ ಭಾಷಾ ಪರೀಕ್ಷೆ ಪಾಸಾಗಬೇಕು. ಅದಕ್ಕಿಂತ ಜಾಸ್ತಿ, ಠಾಣೆಯಲ್ಲಿ ಜನರಲ್ ಡೈರಿ, ಹೇಳಿಕೆ, ಮಹಜರು, ಸಮನ್ಸ್ ಎಲ್ಲ ಕೈಯಲ್ಲಿ ಬರೆಯಬೇಕಾಗುತ್ತದೆ. ಬರೆಯಲು ಬಾರದವನನ್ನು ಸೆಂಟ್ರಿ ಡ್ಯೂಟಿಗೆ, ಬಂದೋಬಸ್ತಿಗೆ ಹಾಕುತ್ತಾ ಹೋಗುತ್ತಾರೆ. ತಮ್ಮ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗುವಾಗ ಮಲಯಾಳಂ ಪೇಪರಿನ ಕ್ರೈಂ ಸುದ್ದಿ ಓದುತ್ತಿದ್ದ, ಅದೇ ಸುದ್ದಿಯನ್ನು ರಾತ್ರಿ ನೋಡದೆ ಬರೆಯುತ್ತಿದ್ದ. ಕ್ರೈಂ ಸುದ್ದಿಯೇ ಯಾಕೆಂದರೆ ಠಾಣೆಯಲ್ಲಿ ಬೇಕಾಗುವ ಮಾತುಗಳೆಲ್ಲ ಅದರಲ್ಲೇ ಬರುತ್ತವೆ. ಇದು ನನಗೆ ಗೊತ್ತಿರುವ ಎಲ್ಲ ಉಪಾಯಗಳಲ್ಲಿ ಒಳ್ಳೆಯದು.

ಇನ್ನು ವಯಸ್ಸು. ಕಾನ್‌ಸ್ಟೇಬಲ್‌ಗೆ ಪ್ಲಸ್ ಟು ಪಾಸಾಗಿರಬೇಕು, 18ರಿಂದ 26. ಒಬಿಸಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಡಿಗ್ರಿ ಇದ್ದು ವಯಸ್ಸು ದಾಟಿದ್ದರೆ ನೇರ ಎಸ್‌ಐ ಪರೀಕ್ಷೆಗೆ 31ರವರೆಗೆ ಅವಕಾಶ ಇದೆ, ಅದರ ಸ್ಪರ್ಧೆ ಬೇರೆಯೇ ಮಟ್ಟದ್ದು. ಬೆಂಗಳೂರಲ್ಲಿ ಇದ್ದುಕೊಂಡು ಇನ್ನೊಂದು ವರ್ಷ ನೋಡೋಣ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕಂಪನಿ ಕೆಲಸದಿಂದ ಬರುವವರು ಸೋಲುವುದು ಓದಿನಲ್ಲಿ ಕಡಿಮೆ, ವಯಸ್ಸಿನಲ್ಲಿ ಜಾಸ್ತಿ.

ಗಂಡಸರಿಗೆ ಎತ್ತರ 168 ಸೆಂ.ಮೀ., ಎದೆ 81, ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಪರಿಶಿಷ್ಟರಿಗೆ ಎತ್ತರದಲ್ಲಿ ರಿಯಾಯಿತಿ ಇದೆ. ಕನ್ನಡಕ ಇಲ್ಲದೆ ದೃಷ್ಟಿ ಸರಿ ಇರಬೇಕು. ಚಪ್ಪಟೆ ಪಾದ, ಮಂಡಿ ತಾಗುವುದು, ಕಾಲಿನ ನರ ಉಬ್ಬುವುದು ಇದ್ದರೆ ಆಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂರುವವನು ಮೊದಲು ಕಣ್ಣು ತೋರಿಸಿಕೊಳ್ಳಲಿ, ಓದಲು ಕೂರುವ ಮೊದಲೇ.

ಫಿಸಿಕಲ್ ಅಂದರೆ ಎಂಟು ಐಟಂನಲ್ಲಿ ಐದು ಪಾಸಾಗಬೇಕು. 100 ಮೀಟರ್ 14 ಸೆಕೆಂಡಿನಲ್ಲಿ, 1500 ಮೀಟರ್ 5 ನಿಮಿಷ 44 ಸೆಕೆಂಡಿನಲ್ಲಿ, ಲಾಂಗ್ ಜಂಪ್ 457.20 ಸೆಂ.ಮೀ., ಹೈ ಜಂಪ್ 132.20, ಶಾಟ್‌ಪುಟ್, ಕ್ರಿಕೆಟ್ ಬಾಲ್ ಎಸೆತ, ಪುಲ್ ಅಪ್ ಎಂಟು ಸಲ, ಕೈಯಲ್ಲೇ ಹಗ್ಗ ಹತ್ತುವುದು 365.80 ಸೆಂ.ಮೀ. ನಮ್ಮ ಕಡೆ ಹುಡುಗರಿಗೆ ಅಡಿಕೆ ಮರ ಹತ್ತಿ ಅಭ್ಯಾಸ ಇರುವುದರಿಂದ ರೋಪ್ ಸಲೀಸು ಅಂದುಕೊಳ್ಳುತ್ತಾರೆ. ಮರಕ್ಕೆ ಕಾಲಿನ ತಳೆ ಆಧಾರ ಇರುತ್ತದೆ, ಇಲ್ಲಿ ಕಾಲು ತಾಗಿಸುವ ಹಾಗೆಯೇ ಇಲ್ಲ, ಭುಜ, ಮುಂಗೈ ಎರಡೇ. ತಮ್ಮ ತೋಟದ ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದ, ಅಂಗೈ ಸಿಪ್ಪೆ ಎದ್ದು ಊಟಕ್ಕೆ ಚಮಚ ಹಿಡಿಯುತ್ತಿದ್ದ. ಓಟಕ್ಕೆ ನಮ್ಮ ಮುರಕಲ್ಲಿನ ಮೈದಾನಗಳು ಒಳ್ಳೆಯದಲ್ಲ. ಗಟ್ಟಿ ನೆಲದ ಮೇಲೆ ದಿನಾ ಓಡಿದರೆ ಮೊಣಕಾಲಿನ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಅದೂ ಜಾರುತ್ತದೆ. ಹುಲ್ಲು ಇರುವ ಶಾಲೆಯ ಮೈದಾನ ಹುಡುಕಿಕೊಳ್ಳಬೇಕು. ಬೆಂಗಳೂರಿನಲ್ಲಿ ಅವನಿಗೆ ಒಳ್ಳೆಯ ಮೈದಾನ ಸಿಗುತ್ತದೆ, ಇದೊಂದು ಅವನಿಗೆ ಲಾಭವೇ.

ಅರ್ಜಿ ಪಿಎಸ್‌ಸಿಯ ತುಳಸಿ ಅನ್ನುವ ಆನ್‌ಲೈನ್ ಪ್ರೊಫೈಲ್‌ನಲ್ಲಿ. ಒಂದು ಸಲ ಪ್ರೊಫೈಲ್ ಮಾಡಿದರೆ ಸಾಕು, ಆದರೆ ಅರ್ಜಿ ಹಾಕಿ ಸುಮ್ಮನಿದ್ದರೆ ಆಗಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಬರೆಯುತ್ತೇನೆ ಅಂತ ಕನ್ಫರ್ಮೇಶನ್ ಕೊಡಬೇಕು, ಕೊಡದವರ ಅರ್ಜಿ ತಳ್ಳಿ ಹೋಗುತ್ತದೆ. ಹೊರ ಊರಿನಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಇದು ತುಂಬಾ ಕೈಕೊಡುತ್ತದೆ. ಪ್ರೊಫೈಲ್‌ನಲ್ಲಿ ಹಳೆಯ ಸಿಮ್ ನಂಬರ್ ಇದ್ದರೆ ಅದನ್ನು ಇವತ್ತೇ ಬದಲಿಸಲು ಹೇಳಿ. ಒಬಿಸಿ ಆದರೆ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್‌ಗೆ ವಿಲೇಜ್ ಆಫೀಸಿನ ದಾರಿ ಈಗಲೇ ನೋಡಿಕೊಳ್ಳಬೇಕು. ಪರೀಕ್ಷೆ 100 ಅಂಕದ್ದು, ಒಂದು ತಪ್ಪು ಉತ್ತರಕ್ಕೆ ಒಂದು ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ.

ನೇಮಕಾತಿ ಬೆಟಾಲಿಯನ್ ಲೆಕ್ಕದಲ್ಲಿ ನಡೆಯುತ್ತದೆ, ಒಬ್ಬರು ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು. ನಮಗೆ ಬರುವುದು ಕಣ್ಣೂರಿನ ಮಾಂಙಾಟ್ಟುಪರಂಬದಲ್ಲಿರುವ ಕೆಎಪಿ 4, ಅಂದರೆ ಕೇರಳ ಸಶಸ್ತ್ರ ಪೊಲೀಸಿನ ನಾಲ್ಕನೇ ಬೆಟಾಲಿಯನ್. ದಕ್ಷಿಣದ ಜಿಲ್ಲೆಗಳವರೂ ನಮ್ಮ ಬೆಟಾಲಿಯನ್‌ಗೆ ಅರ್ಜಿ ಹಾಕುತ್ತಾರೆ, ಹಾಕಲು ಅವರಿಗೆ ಹಕ್ಕಿದೆ. ಆದರೆ 2019ರಲ್ಲಿ ಆದದ್ದು ಬೇರೆ. ತಿರುವನಂತಪುರದ ಒಂದು ಕಾಲೇಜಿನ ಜಗಳದ ಕೇಸಿನಲ್ಲಿ ಸಿಕ್ಕಿಬಿದ್ದವರು ನಮ್ಮ ಕಾಸರಗೋಡಿನ ರ‍್ಯಾಂಕ್ ಲಿಸ್ಟಿನ ಮೇಲಿನ ಸಾಲಿನಲ್ಲಿದ್ದರು, ಒಬ್ಬ ಒಂದನೇ ರ‍್ಯಾಂಕ್. ವಿಚಾರಿಸಿದಾಗ ಪರೀಕ್ಷೆ ನಡೆಯುವಾಗ ಫೋನ್ ಮೆಸೇಜಿನಲ್ಲಿ ಉತ್ತರ ಬಂದದ್ದು ಬಯಲಾಯಿತು, ಪಿಎಸ್‌ಸಿ ಅವರನ್ನು ಲಿಸ್ಟಿನಿಂದ ತೆಗೆಯಿತು. ಬೆಳಿಗ್ಗೆ ಓಡಿ, ರಾತ್ರಿ ಓದಿ, ಲಿಸ್ಟಿನ ಹೊರಗೆ ಉಳಿದ ನಮ್ಮ ಮಕ್ಕಳ ಮುಖ ಆ ದಿನ ನೋಡಲು ಆಗುತ್ತಿರಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಲಿಸ್ಟಿನಲ್ಲಿ ಹೆಸರು ಬಂದರೂ ಕೆಲಸ ಬಂತು ಅಂತಲ್ಲ. ಪೊಲೀಸ್ ರ‍್ಯಾಂಕ್ ಲಿಸ್ಟಿಗೆ ಒಂದು ವರ್ಷ ಆಯಸ್ಸು. ಅಷ್ಟರೊಳಗೆ ಖಾಲಿ ಹುದ್ದೆ ವರದಿಯಾಗಬೇಕು, ಪಿಎಸ್‌ಸಿಯಿಂದ ಅಡ್ವೈಸ್ ಮೆಮೊ, ಅಂದರೆ ಇವನನ್ನು ಕೆಲಸಕ್ಕೆ ತೆಗೆದುಕೊಳ್ಳಿ ಅನ್ನುವ ಶಿಫಾರಸು ಪತ್ರ, ಬರಬೇಕು. 2024ರಲ್ಲಿ ಲಿಸ್ಟ್ ಮುಗಿಯುವ ಹೊತ್ತಿಗೆ ಹುಡುಗರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ವಾರಗಟ್ಟಲೆ ಕೂತರು, ರಸ್ತೆಯಲ್ಲಿ ತೆವಳಿದರು. ಮರುವರ್ಷ 2025ರ ಏಪ್ರಿಲ್‌ನಲ್ಲಿ ಮಹಿಳಾ ಲಿಸ್ಟಿನ ಹೆಣ್ಣುಮಕ್ಕಳೂ ಅದೇ ಜಾಗದಲ್ಲಿ ಹೋರಾಡಿದರು. ಕಾಸರಗೋಡಿನಿಂದ ಅಲ್ಲಿಗೆ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಹಿಡಿಯುತ್ತದೆ, ರಾಜ್ಯದ ಈ ತುದಿಯಿಂದ ಆ ತುದಿ. ಅದಕ್ಕೇ ಹೇಳುವುದು, ಅಡ್ವೈಸ್ ಮೆಮೊ ಕೈಗೆ ಬರುವವರೆಗೆ ಸಂಬಳದ ಕೆಲಸ ಬಿಡಬೇಡ ಅಂತ. ತಮ್ಮನೂ ಮೆಮೊ ಬಂದ ಮೇಲೆಯೇ ಶೋರೂಮಿನಲ್ಲಿ ರಾಜೀನಾಮೆ ಕೊಟ್ಟದ್ದು.

ಕರ್ನಾಟಕದ ಮಾತು. ಹೋಗಬಾರದು ಅಂತ ಯಾರೂ ತಡೆಯುವ ಹಾಗಿಲ್ಲ, ವಾಸದ ಜಾಗ ನೋಡಿ ಸರ್ಕಾರಿ ಕೆಲಸ ನಿರಾಕರಿಸಬಾರದು ಅಂತ ಸಂವಿಧಾನದ 16ನೇ ವಿಧಿ ಹೇಳುತ್ತದೆ. ಕನ್ನಡ ಓದು ಬರಹ ಇದ್ದೇ ಇದೆ. ತೊಡಕು ಇರುವುದು ಮೀಸಲಾತಿಯಲ್ಲಿ. ಕೇರಳದ ಜಾತಿ ಸರ್ಟಿಫಿಕೇಟ್ ಹಿಡಿದು ಕರ್ನಾಟಕದಲ್ಲಿ ಪರಿಶಿಷ್ಟರ ಮೀಸಲಾತಿ ಕೇಳಲು ಬರುವುದಿಲ್ಲ, ಜನರಲ್ ಮೆರಿಟ್‌ನಲ್ಲೇ ಗೆಲ್ಲಬೇಕು. ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಸೀಟಿಗೆ ಅವಕಾಶ ಇರುವುದನ್ನು ನೋಡಿ ಪೊಲೀಸ್ ನೇಮಕಾತಿಯಲ್ಲೂ ಹಾಗೇ ಅಂದುಕೊಂಡು ಹೋದವರಿದ್ದಾರೆ. ಆ ಲೆಕ್ಕ ಹಾಕಬೇಡಿ. ಕೇಂದ್ರದ ಪಡೆಗಳು ಬೇಕಾದರೆ ಅಲ್ಲಿನ ಕಾನ್‌ಸ್ಟೇಬಲ್ ನೇಮಕಾತಿಯ ಎಸ್‌ಎಸ್‌ಸಿ ಜಿಡಿ ಪರೀಕ್ಷೆ 2024ರಿಂದ ಕನ್ನಡದಲ್ಲೂ ಬರೆಯಬಹುದು, ಹತ್ತನೇ ಕ್ಲಾಸ್ ಸಾಕು. ಆದರೆ ವಯಸ್ಸು 23ರ ಒಳಗೆ, ಎತ್ತರ 170, 5 ಕಿ.ಮೀ. 24 ನಿಮಿಷದಲ್ಲಿ ಓಡಬೇಕು. ಮೀಸಲಾತಿಯ ಸಡಿಲಿಕೆ ಇಲ್ಲದೆ ಇಪ್ಪತ್ತೈದರ ಹತ್ತಿರ ಇರುವವನಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ.

ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ. ಸೇರಿದ ಕೂಡಲೇ ಊರಿನ ಠಾಣೆಗೆ ಬರುವುದಿಲ್ಲ. ಒಂಬತ್ತು ತಿಂಗಳು ಟ್ರೈನಿಂಗ್, ಆಮೇಲೆ ಕೆಲವು ವರ್ಷ ಬೆಟಾಲಿಯನ್, ಅಲ್ಲಿಂದ ಕಾಸರಗೋಡಿನ ಪಾರಕಟ್ಟದಲ್ಲಿರುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಎಆರ್ ಕ್ಯಾಂಪ್, ಆಮೇಲೆ ಠಾಣೆ. ಸಂಬಳದ ಶ್ರೇಣಿ 31,100ರಿಂದ ಶುರು. 2013ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪೆನ್ಷನ್ ಇಲ್ಲ, ಪಾಲು ಕಟ್ಟುವ ಪೆನ್ಷನ್. ಬೆಟಾಲಿಯನ್ ಅಂದರೆ ಶಬರಿಮಲೆ ಸೀಸನ್, ಚುನಾವಣೆ, ಎಲ್ಲಿ ಗಲಾಟೆ ಆದರೆ ಅಲ್ಲಿಗೆ. ಮನೆಯ ಭೂತದ ಕೋಲಕ್ಕೆ ರಜೆ ಸಿಗುತ್ತದೆ ಅಂತ ಅಮ್ಮಂದಿರು ಆಸೆ ಇಟ್ಟುಕೊಳ್ಳಬಾರದು.

ಗಡಿಯ ಠಾಣೆಗೆ ಬಂದ ಮೇಲೆ ಕೆಲಸ ಬೇರೆ ಜಿಲ್ಲೆಯ ಹಾಗಿರುವುದಿಲ್ಲ. ಕರ್ನಾಟಕದಿಂದ ಟೆಟ್ರಾ ಪ್ಯಾಕ್ ಮದ್ಯ, ಪಾನ್ ಮಸಾಲೆ, ಈಗೀಗ ಎಂಡಿಎಂಎ ಅನ್ನುವ ಮಾದಕ ವಸ್ತು, ಇದೆಲ್ಲ ತಲಪಾಡಿಯ ದೊಡ್ಡ ರಸ್ತೆಯಲ್ಲಿ ಮಾತ್ರ ಬರುವುದಿಲ್ಲ. ತೋಟದ ನಡುವಿನ ಒಳದಾರಿ ಎಷ್ಟೋ ಇವೆ, ಒಂದೇ ಮನೆಯ ಬಾವಿ ಆ ಕಡೆ, ಹಟ್ಟಿ ಈ ಕಡೆ ಅನ್ನುವ ಜಾಗಗಳಿವೆ. ಆರೋಪಿ ವಿಟ್ಲಕ್ಕೋ ಉಳ್ಳಾಲಕ್ಕೋ ಹೋದರೆ ಅಲ್ಲಿನ ಪೊಲೀಸರ ಜೊತೆ ಫೋನಿನಲ್ಲಿ ಮಾತಾಡಬೇಕು, ಅಲ್ಲಿನ ಎಫ್‌ಐಆರ್ ಕನ್ನಡದಲ್ಲಿರುತ್ತದೆ, ಓದಿ ಹೇಳುವವರು ಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಕರ್ನಾಟಕ ರಸ್ತೆಗೆ ಮಣ್ಣು ಹಾಕಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡರು, ಕೆಲವರು ಸತ್ತೇಹೋದರು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆ ದಿನಗಳಲ್ಲಿ ಎರಡೂ ಭಾಷೆ ಬಲ್ಲ ಒಬ್ಬ ಪೊಲೀಸ್ ಗಡಿಯಲ್ಲಿ ನಿಂತಿದ್ದರೆ ಆಂಬುಲೆನ್ಸ್‌ನವರಿಗೆ ಎಷ್ಟು ಧೈರ್ಯ ಅಂತ ನಮಗೆ ಗೊತ್ತು.

ಒಳ್ಳೆಯದೂ ಇದೆ. ಕೇರಳದಲ್ಲಿ 2008ರಿಂದ ಜನಮೈತ್ರಿ ಅಂತ ಇದೆ, ಬೀಟ್ ಪೊಲೀಸರು ಮನೆಮನೆಗೆ ಬಂದು ಮಾತಾಡಿಸಬೇಕು. ಮಲಯಾಳಂ ಮಾತ್ರ ಬಲ್ಲವರು ಬಂದರೆ ನಮ್ಮ ಅಜ್ಜಿಯಂದಿರು ಬಾಗಿಲ ಹಿಂದೆಯೇ ನಿಂತು ತಲೆ ಆಡಿಸಿ ಕಳಿಸುತ್ತಾರೆ. ತುಳುವಿನಲ್ಲಿ ಒಂದು ಮಾತು ಬಂದರೆ ಸಾಕು, ಚಾವಡಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟು, ರಾತ್ರಿ ತೋಟದ ದಾರಿಯಲ್ಲಿ ಯಾರ ಬೈಕ್ ಹೋಯಿತು ಅನ್ನುವುದರಿಂದ ಹಿಡಿದು ಎಲ್ಲ ಹೇಳುತ್ತಾರೆ. ಆ ಸುದ್ದಿ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಕೊನೆಗೆ ಒಂದು ವಿಷಯ ಅವನನ್ನು ನೇರವಾಗಿ ಕೇಳಿ. ಕಾಲೇಜಿನಲ್ಲಿದ್ದಾಗ ಹರತಾಳ, ಮೆರವಣಿಗೆ, ಕ್ಲಬ್ಬಿನ ಜಗಳ ಅಂತ ಯಾವುದಾದರೂ ಕೇಸಿನಲ್ಲಿ ಹೆಸರಿದೆಯಾ? ನಮ್ಮ ಜಿಲ್ಲೆಯಲ್ಲಿ ಹದಿನೆಂಟು ತುಂಬುವ ಹೊತ್ತಿಗೆ ಯಾವುದೋ ಪಾರ್ಟಿಯ ಹಿಂದೆ ಹೋಗಿ ಕೇಸು ಹಾಕಿಸಿಕೊಂಡ ಮಕ್ಕಳು ಬೇಕಾದಷ್ಟಿದ್ದಾರೆ. ಇದ್ದರೆ ವೆರಿಫಿಕೇಶನ್ ಫಾರಂನಲ್ಲಿ ಬರೆಯಲೇಬೇಕು. ಸಣ್ಣ ಕೇಸು, ಮುಗಿದ ಕೇಸು ಆದರೆ ಪರಿಶೀಲಿಸುವ ಅವಕಾಶ ಇರುತ್ತದೆ. ಮುಚ್ಚಿಟ್ಟದ್ದು ಗೊತ್ತಾದರೆ ಅದೇ ಒಂದು ಕಾರಣಕ್ಕೆ ಕೆಲಸದಿಂದ ತೆಗೆಯಬಹುದು, 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ.

ಅವನ ಹುಟ್ಟಿದ ದಿನಾಂಕ, ಮೀಸಲಾತಿ ವರ್ಗ, ಶಾಲೆಯಲ್ಲಿ ಮಲಯಾಳಂ ಓದಿದ್ದಾನೋ ಇಲ್ಲವೋ, ಇಷ್ಟನ್ನು ಕೇಳಿ ತಿಳಿಸಿ. ಇನ್ನು ಎಷ್ಟು ನೋಟಿಫಿಕೇಶನ್ ಅವನಿಗೆ ಸಿಗಬಹುದು ಅಂತ ತಮ್ಮನನ್ನು ಕೇಳಿ ಹೇಳುತ್ತೇನೆ. ಊರಿಗೆ ಬಂದಾಗ ಮನೆಗೆ ಕಳಿಸಿ, ತಮ್ಮನ ಮಲಯಾಳಂ ನೋಟ್ ಪುಸ್ತಕಗಳೆಲ್ಲ ನನ್ನ ಹತ್ತಿರವೇ ಇವೆ, ಕೊಡುತ್ತೇನೆ.